ನಾಲ್ಕು ಕೈ ಆಚೆ, ನಾಲ್ಕು ಕೈ ಈಚೆ

ಮಕ್ಕಳ ನಾಟಕದ ಆಕ್ಟೋಪಸ್ ಬೊಂಬೆಯೊಳಗೆ ಇಬ್ಬರು ಕೂರಬೇಕಿತ್ತು. ಬಲಗಡೆಯ ನಾಲ್ಕು ಕೈ ಗಂಡನದು, ಎಡಗಡೆಯ ನಾಲ್ಕು ಹೆಂಡತಿಯದು. ಎಷ್ಟೋ ವರ್ಷ ಹಾಗೇ ನಡೆಯಿತು. ಆಮೇಲೆ ಹೆಂಡತಿಯ ಮಂಡಿ ಹಟ ಹಿಡಿಯಿತು. ಕುಕ್ಕರಗಾಲಲ್ಲಿ ಕೂರುವುದನ್ನೇ ಬಿಡಿ ಎಂದರು ಡಾಕ್ಟರು. ಆಕ್ಟೋಪಸ್ಸಿನೊಳಗೆ ಬೇರೆ ಹೇಗೂ ಕೂರಲು ಬರುವುದಿಲ್ಲ. ಅವಳು ಬಣ್ಣದ ಕೋಣೆಯ ಹೊಲಿಗೆ ಮೆಷಿನ್ನಿನ ಮುಂದೆ ಕೂತು ತಂಡಕ್ಕೆಲ್ಲ ಹೊಲಿಗೆಯಕ್ಕನಾದಳು. ಎಡಗಡೆಯ ನಾಲ್ಕು ಕೈ, ಹೊಸದಾಗಿ ಸೇರಿದ ಗುಬ್ಬಿಯ ಪಾಲಾದವು.

ಗುಬ್ಬಿ ಎಂದು ಹೆಸರಿಟ್ಟದ್ದು ಮೇಷ್ಟ್ರು, ನಾಟಕ ಆಡಿಸುವವರು. ಹುಡುಗಿ ಅಷ್ಟು ಪುಟ್ಟಗೆ, ಅಷ್ಟು ಚುರುಕು. ಹೊಲಿಗೆಯಕ್ಕನನ್ನು ಅಕ್ಕಾ ಎನ್ನುತ್ತಿದ್ದಳು, ಅವಳ ಗಂಡನನ್ನು ಅಣ್ಣಾ ಎನ್ನುತ್ತಿದ್ದಳು.

"ಅಣ್ಣ ಅಂತಾಳಲ್ಲ, ಮತ್ತಿನ್ನೇನು ನಿಂಗೆ?" ಎಂದು ಬಣ್ಣ ಬಳಿಯುವಾಕೆ ಒಮ್ಮೆ ಚುಡಾಯಿಸಿದ್ದಳು.

"ಅಣ್ಣ ಅನ್ನೋದು ನಾಲಿಗೆ. ಕೈ ಏನನ್ನುತ್ತೆ ಅಂತ ಯಾರು ಕೇಳಿದಾರೆ?" ಎಂದಳು ಹೊಲಿಗೆಯಕ್ಕ, ಬಾಯಲ್ಲಿದ್ದ ಗುಂಡುಪಿನ್ನು ತೆಗೆಯದೆಯೇ.

ಕೈಯ ಮಾತು ಸುಮ್ಮನೆ ಬಂದದ್ದಲ್ಲ. ಆಕ್ಟೋಪಸ್ಸಿನ ಒಳಗೆ ಕತ್ತಲು. ಮಾತಾಡಿದರೆ ಮುಂದಿನ ಸಾಲಿನ ಮಕ್ಕಳಿಗೆ ಕೇಳಿಸುತ್ತದೆ. ಅದಕ್ಕೆ ಗಂಡನ ಎಡ ಮಣಿಕಟ್ಟಿನಿಂದ ಮೊದಲು ಹೆಂಡತಿಯ, ಆಮೇಲೆ ಗುಬ್ಬಿಯ ಬಲ ಮಣಿಕಟ್ಟಿಗೆ ಒಂದು ದಾರ ಕಟ್ಟಿಕೊಳ್ಳುತ್ತಿದ್ದರು. ಒಂದು ಸಲ ಎಳೆದರೆ ಹೊರಡು, ಎರಡು ಸಲ ಎಳೆದರೆ ನಿಲ್ಲು. ಇವೆರಡೂ ನಾಟಕಕ್ಕೆ. ಮೂರನೆಯದೊಂದಿತ್ತು, ಉದ್ದಕ್ಕೆ, ಮೆಲ್ಲಗೆ ಒಂದು ಎಳೆತ. ಅದು ನಾಟಕಕ್ಕಲ್ಲ. ಹೆಂಡತಿಯ ಮಂಡಿ ನೋಯತೊಡಗಿದ ಮೇಲೆ ತಾನಾಗಿ ಹುಟ್ಟಿಕೊಂಡದ್ದು. ಹುಷಾರಾ? ಎಂದು ಅದರರ್ಥ. ಅವಳೂ ಹಾಗೇ ಎಳೆದರೆ, ಹೂಂ ಎಂದರ್ಥ. ಮನೆಯಲ್ಲಿ ಎಂದೂ ಹಾಗೆ ಕೇಳದ ಗಂಡಸು ಅಲ್ಲಿ ಕೇಳುತ್ತಿದ್ದ.

ಗುಬ್ಬಿ ಒಂದು ಮಧ್ಯಾಹ್ನ, ಹರಿದ ತೋಳು ಹೊಲಿಸಿಕೊಳ್ಳಲು ಬಂದವಳು, ಮೇಜಿನ ಮೇಲೆ ಕಾಲಾಡಿಸುತ್ತ ಕೇಳಿದಳು. "ಅಕ್ಕಾ, ಉದ್ದಕ್ಕೆ ಎಳೆದ್ರೆ ಏನರ್ಥ? ಅಣ್ಣ ಆಗಾಗ ಎಳೀತಾರೆ. ನಾನೂ ಸುಮ್ನೆ ಎಳೀತೀನಿ, ಬೇಜಾರಾಗದಿರ್ಲಿ ಅಂತ."

ಸೂಜಿ ಬೆರಳಿಗೆ ಚುಚ್ಚಿತು. "ಏನೂ ಅರ್ಥ ಇಲ್ಲ," ಎಂದಳು ಹೊಲಿಗೆಯಕ್ಕ.

ಅವಳು ಸಂಜೆ ತರಗತಿಗೆ ಹೋಗಿ ಹೊಲಿಗೆ ಕಲಿತವಳು. ಮಾಡಿದ ಕೆಲಸ ಸರಿಯಿದೆಯೋ ಇಲ್ಲವೋ ಎಂದು ಮನೆಗೆ ಹೋದ ಮೇಲೂ ಕೊರಗುವವಳು. ಈ ಆಕ್ಟೋಪಸ್ಸಿಗಾಗಿ ಪ್ರಾಣಿಗಳ ಪುಸ್ತಕ ತಂದು ಓದಿ, ಪ್ರತಿ ಕೈಗೂ ಎರಡು ಸಾಲು ಹೀರುಬಟ್ಟಲು ಹೊಲಿದಿದ್ದಳು, ಬುಡಕ್ಕೆ ದೊಡ್ಡವು, ತುದಿಗೆ ಚಿಕ್ಕವು. ಹೋದ ನಾಟಕದ ಸ್ಕ್ವಿಡ್ಡಿಗೆ ಎಂಟು ಕೈಗಳ ಜೊತೆ ಎರಡು ಉದ್ದನೆಯವು ಬೇಕೆಂದು ಮೇಷ್ಟ್ರ ಜೊತೆ ಜಗಳವನ್ನೇ ಆಡಿದ್ದಳು. ಸ್ಕ್ವಿಡ್ಡಿನ ಆ ಎರಡಕ್ಕೆ ಬಟ್ಟಲಿರುವುದು ತುದಿಯಲ್ಲಿ ಮಾತ್ರ. ಉಳಿದ ಹೊತ್ತು ಮಡಚಿಕೊಂಡಿದ್ದು, ಬೇಟೆ ಹತ್ತಿರ ಬಂದಾಗ ಚಂಗನೆ ಹೊರಬರುತ್ತವೆ. ಅವತ್ತು ಅವಳೊಳಗೂ ಅಂಥವೇ ಎರಡು ಚಂಗನೆ ಹೊರಬಂದವು.

ಆಕ್ಟೋಪಸ್ಸಿನ ಚೀಲದಂಥ ತಲೆ ಒಂದು ಕಡೆಗೆ ಕುಸಿಯುತ್ತಿದ್ದದ್ದು ನಿಜ. ಎಲುಬಿಲ್ಲದ ಪ್ರಾಣಿ, ಬೊಂಬೆಗೂ ಎಲುಬಿರಲಿಲ್ಲ. ಅದೇ ನೆಪವಾಯಿತು. ಆಧಾರಕ್ಕೆಂದು ನಟ್ಟನಡುವೆ, ನೆತ್ತಿಯಿಂದ ನೆಲದವರೆಗೆ, ದಪ್ಪ ಕ್ಯಾನ್ವಾಸಿನ ಅಡ್ಡಪರದೆಯೊಂದನ್ನು ಹೊಲಿದಳು. ಒಂದು ನೂಲೂ ಆಚೆ ತೂರದಂತೆ ಎರಡೆರಡು ಹೊಲಿಗೆ. ಹೊಟ್ಟೆಕಿಚ್ಚಿನ ಹೊಲಿಗೆಯಾದರೂ ಗೆರೆ ಎಳೆದಷ್ಟು ನೆಟ್ಟಗಿತ್ತು. ವಕ್ರವಾಗಿ ಹೊಲಿಯುವುದು ಅವಳಿಂದ ಆಗದ ಮಾತು.

ಮರುದಿನದ ತಾಲೀಮಿನಲ್ಲಿ ಅವಳು ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು. ದಾರವಿಲ್ಲ. ಬಲಗಡೆಯ ಕೈಗಳು ಬಂಡೆಯ ಕಡೆ ಹೊರಟರೆ ಎಡಗಡೆಯವು ಏಡಿಯ ಕಡೆ ಹೊರಟವು. ಒಂದು ಕೈ ಬಂಡೆಯ ಸಂದನ್ನು ತಡಕಿತು, ಇನ್ನೊಂದು ಏಡಿಯನ್ನು ಮುಟ್ಟಿ ಹಿಂದಕ್ಕೆ ಸುರುಳಿ ಸುತ್ತಿಕೊಂಡಿತು. ಕೆಡ್ತು, ಎಂದುಕೊಂಡಳು ಹೊಲಿಗೆಯಕ್ಕ. ಹಾಗೆಂದುಕೊಂಡಾಗ ಆದ ಖುಷಿಗೆ ಅವಳಿಗೇ ನಾಚಿಕೆಯಾಯಿತು.

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಅಬ್ಬಬ್ಬಾ! ಇದು! ಇದು ಆಕ್ಟೋಪಸ್ಸು! ಇಷ್ಟು ದಿನ ನೀವು ಮಾಡ್ತಿದ್ದಿದ್ದು ಕವಾಯತು ಕಣ್ರಯ್ಯಾ. ಆ ಪ್ರಾಣಿಗೆ ತಲೇಲಿರೋದಕ್ಕಿಂತ ಜಾಸ್ತಿ ನರ ಕೈಯಲ್ಲಿರುತ್ತೆ. ತಲೆ ಬಂಡೆ ನೋಡ್ತಿದ್ರೆ ಕೈ ತನ್ನ ಪಾಡಿಗೆ ತಾನು ಏಡಿ ಹುಡುಕುತ್ತೆ. ಗುಬ್ಬೀ, ಆ ಮೂರನೇ ಕೈ ಇತ್ತಲ್ಲ, ಅದರಲ್ಲಿ ಜೀವ ಇತ್ತು ಕಣೇ!" ಆಮೇಲೆ ಬಾಗಿಲ ಕಡೆ ತಿರುಗಿದರು. "ಪರದೆ ಹೊಳೆದಿದ್ದು ನಿಮಗಾ ಹೊಲಿಗೆಯಕ್ಕಾ? ಭೇಷ್. ಅದನ್ನ ಯಾರೂ ಬಿಚ್ಚಕೂಡದು."

ಗುಬ್ಬಿ ಬೆವರು ಒರೆಸಿಕೊಳ್ಳುತ್ತ ಓಡಿಬಂದು ಅವಳನ್ನು ತಬ್ಬಿಕೊಂಡಳು. "ನಿಮ್ಮಿಂದಾನೇ ಅಕ್ಕಾ!"

ಕೆಡಿಸಲು ಹೋಗಿ ಹಾರ ಹಾಕಿದಂತಾಗಿತ್ತು.

ಸಂಜೆ ಮನೆಯಲ್ಲಿ ಗಂಡ ಪಾತ್ರೆ ತೊಳೆಯುತ್ತಿದ್ದ, ಅವಳು ಒರೆಸಿಡುತ್ತಿದ್ದಳು.

"ಮೇಷ್ಟ್ರಿಗೆ ಗೊತ್ತಾಗ್ಲಿಲ್ಲ," ಎಂದ ಅವನು, ತಲೆಯೆತ್ತದೆ. "ನಂಗೆ ಗೊತ್ತಾಯ್ತು. ತಲೆ ನಿಲ್ಸೋಕೆ ಎರಡು ಪಟ್ಟಿ ಸಾಕಿತ್ತು."

"ಗೊತ್ತಾಗಿದ್ರೆ ಯಾಕೆ ಅಂತಾನೂ ನೀವೇ ಹೇಳಿ."

"ನೀನೇ ಹೇಳು."

"ಅವಳಿಗೂ ಉದ್ದಕ್ಕೆ ಎಳೀತೀರಂತೆ." ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. "ಅವಳ ಮಂಡಿಗೇನಾಗಿದೆ ರೋಗ?"

ಅವನ ಕೈ ನೀರಲ್ಲೇ ನಿಂತಿತು. "ನಾನಾ? ಎಲ್ಲಿ?"

"ಬಂಡೆ ಇಳಿಯೋವಾಗ. ನಿನ್ನೆ ಕೇಳ್ದೆ ಅವಳನ್ನ, ಎಲ್ಲೆಲ್ಲಿ ಅಂತ. ಯಾವಾಗ್ಲೂ ಅಲ್ಲೇ ಅಂತೆ."

ಗಂಡ ಒದ್ದೆ ಕೈಯನ್ನು ಮೇಲೆತ್ತಿ, ಬೇರೆ ಯಾರದೋ ಎನ್ನುವ ಹಾಗೆ ನೋಡಿಕೊಂಡ. "ಅಲ್ಲಿ ತಾನೇ ನಿಂಗೆ ನೋಯ್ತಿದ್ದಿದ್ದು," ಎಂದ. "ನಂಗೆ ಗೊತ್ತೇ ಆಗಿಲ್ಲ ಕಣೇ. ಈ ಕೈ ನನ್ನ ಕೇಳೋದಿಲ್ಲ."

"ಸಾಕು ಸಾಕು. ಮೇಷ್ಟ್ರ ಪಾಠಾನ ನಂಗೇ ಒಪ್ಪಿಸ್ಬೇಡಿ," ಎಂದು ಅವಳು ತಟ್ಟೆಗಳ ಕಡೆ ಮುಖ ತಿರುಗಿಸಿದಳು. ನಂಬಿದಳೋ ಇಲ್ಲವೋ, ಅವಳಿಗೇ ತಿಳಿಯಲಿಲ್ಲ. ಅರ್ಧ ನಂಬಿದಳು ಎನ್ನಬಹುದು.

ಮೊದಲ ಪ್ರದರ್ಶನದ ದಿನ ಗಂಡನಿಗೆ ಬೊಂಬೆಯ ಗುಂಡಿ ಹಾಕುವಾಗ ಅವಳು ಅವನ ಎಡ ಮಣಿಕಟ್ಟಿಗೆ ಹೊಸ ದಾರವೊಂದನ್ನು ಗಂಟುಹಾಕಿದಳು. ಇನ್ನೊಂದು ತುದಿಯನ್ನು ತಲೆಯ ಬುಡದಲ್ಲಿದ್ದ ತೂತಿನಿಂದ ಹೊರಗೆಳೆದಳು. ಆಕ್ಟೋಪಸ್ಸು ನೀರು ಚಿಮ್ಮಿ ಓಡುವುದು ಅಲ್ಲಿಂದಲೇ, ಆ ನಳಿಗೆಯಿಂದ.

"ಇದೇನಿದು?" ಎಂದ ಅವನು.

"ನಳಿಗೆ ಅಂತ ಒಂದು ಇದೆಯಲ್ಲ, ಖಾಲಿ ಯಾಕೆ ಬಿಡೋದು?"

"ನಂಗೂ ಒಂದು ಕಟ್ಟಿ ಅಕ್ಕಾ!" ಎಂದಳು ಪರದೆಯಾಚೆಯಿಂದ ಗುಬ್ಬಿ.

"ನಿನ್ನೋನು ಸಿಕ್ಕಾಗ ಅವನ ಕೈಲಿ ಕಟ್ಟಿಸ್ಕೊಳ್ಳೇ."

ರಂಗದ ಪಕ್ಕದ ಕತ್ತಲಲ್ಲಿ ಸ್ಟೂಲು ಹಾಕಿಕೊಂಡು, ದಾರದ ತುದಿಯನ್ನು ತನ್ನ ಬಲಗೈಗೆ ಸುತ್ತಿಕೊಂಡು ಕೂತಳು. ಎಡಗಡೆಯ ಮೂರನೇ ಕೈ ಏಡಿಯ ಬೆನ್ನು ಸವರಿದಾಗ ಮಕ್ಕಳೆಲ್ಲ ಹೋ ಎಂದರು. ಆ ಕೈಯ ಬಟ್ಟಲುಗಳನ್ನೆಲ್ಲ ಹೊಲಿದವಳು ನಾನು, ಎಂದುಕೊಂಡಳು. ಹುಡುಗಿ ಚೆನ್ನಾಗಿ ಆಡುತ್ತಿದ್ದಳು. ತನಗಿಂತ ಚೆನ್ನಾಗಿ. ಅದನ್ನು ನೋಡದಿರಲು ಕಣ್ಣು ಮುಚ್ಚಿದಳು, ಆಗಲಿಲ್ಲ, ತೆರೆದಳು.

ಆಕ್ಟೋಪಸ್ಸು ಬಂಡೆ ಇಳಿಯತೊಡಗಿತು. ದಾರ ಬಿಗಿಯಾಯಿತು. ಉದ್ದಕ್ಕೆ, ಮೆಲ್ಲಗೆ ಒಂದು ಎಳೆತ.

ಕಾಯಲಿ, ಎಂದುಕೊಂಡಳು. ಇಷ್ಟು ದಿನ ಗುಬ್ಬಿಯನ್ನು ಕೇಳಿದ್ದಾಯಿತಲ್ಲ, ಈಗ ಸ್ವಲ್ಪ ಕಾಯಲಿ. ಕೊನೆಯ ದೃಶ್ಯದವರೆಗೂ ಕಾಯಲಿ.

ಹಾಗೆಂದುಕೊಂಡು ಮುಗಿಸುವಷ್ಟರಲ್ಲಿ, ಅವಳ ಕೈ ಆಗಲೇ ಎಳೆದಾಗಿತ್ತು.