ಬಾಯಿಗೆ ತಕ್ಕ ವಾದ್ಯ

ಮುಖ ನೋಡುವ ಮೊದಲೇ ರಿಪೇರಿಯಮ್ಮ ಆ ಕೆಮ್ಮನ್ನು ಗುರುತು ಹಿಡಿದಳು. ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿ, ಒಳಗಿದ್ದವರೆಲ್ಲ ತನ್ನ ಕಡೆ ತಿರುಗಿದರೋ ಇಲ್ಲವೋ ಎಂದು ನೋಡಿಕೊಂಡು, ಆಮೇಲೆ ಬಾಯಿ ತೆರೆಯುವ ಮನುಷ್ಯ ಅವಳಿಗೆ ಗೊತ್ತಿದ್ದಂತೆ ಒಬ್ಬರೇ. ನಲವತ್ತೇಳು ವರ್ಷದ ಹಿಂದೆ ಶಾಲೆಯ ಬ್ಯಾಂಡ್ ಕೋಣೆಗೂ ಮೇಷ್ಟ್ರು ಹೀಗೇ ಕೆಮ್ಮಿಕೊಂಡು ಬರುತ್ತಿದ್ದರು. ಮಕ್ಕಳೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಈಗ ಅವಳ ಬೆನ್ನೂ, ಯಾರ ಅಪ್ಪಣೆಯೂ ಇಲ್ಲದೆ, ನೆಟ್ಟಗಾಯಿತು. ಅದಕ್ಕೇ ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಊದೋ ವಾದ್ಯ ರಿಪೇರಿ ಮಾಡೋದು ಇಲ್ಲೇ ಏನಮ್ಮ?"

"ಇಲ್ಲೇ. ಬನ್ನಿ ಮೇಷ್ಟ್ರೇ."

"ಓಹೋ, ನನ್ನ ಗುರುತಿದೆಯೋ ನಿನಗೆ?"

"ಊದೋರಿಗೆಲ್ಲ ನಿಮ್ಮ ಗುರುತು ಇದ್ದೇ ಇರುತ್ತಲ್ಲ."

ಮೇಷ್ಟ್ರು ಹಿಗ್ಗಿದರು. ಅವಳ ಮುಖವನ್ನು ಒಂದು ಗಳಿಗೆ ನೋಡಿದರು, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುವ ಹಾಗೆ. ಏನೂ ನೆನಪಾಗಲಿಲ್ಲ. ಅವರ ಹಿಂದೆ ಹತ್ತು ವರ್ಷದ ಒಂದು ಹುಡುಗಿ ನಿಂತಿತ್ತು. ಮೊಮ್ಮಗಳು. ಇನ್ನು ಆರು ವಾರಕ್ಕೆ ಶಾಲೆಯ ಬ್ಯಾಂಡಿಗೆ ಮಕ್ಕಳನ್ನು ಆರಿಸುತ್ತಾರಂತೆ. ಅಷ್ಟರಲ್ಲಿ ಇವಳಿಗೊಂದು ವಾದ್ಯ ಆಗಬೇಕು.

"ವಾದ್ಯ ಅಂದ್ರೆ ಇನ್ನೇನು, ಟ್ರಂಪೆಟ್ಟೇ. ನಮ್ಮ ಮನೇಲಿ ಬೇರೆ ಯಾವುದನ್ನೂ ಊದಿದವರಿಲ್ಲ. ನೀನು ಸುಮ್ನೆ ಒಂದ್ಸಲ ಬಾಯಿ ನೋಡಿ ಹೌದು ಅಂದುಬಿಡು. ಇವಳಮ್ಮ ನಿನ್ನ ಹತ್ರ ಕೇಳಲೇಬೇಕು ಅಂತ ಹಠ ಹಿಡಿದಿದ್ದಾಳೆ."

ಇವಳಮ್ಮ ಹಠ ಹಿಡಿದದ್ದರಲ್ಲಿ ಅರ್ಥವಿತ್ತು. ಮಗುವಿಗೆ ಯಾವ ವಾದ್ಯ ಹೊಂದುತ್ತದೆ ಎಂದು ಹೇಳುವುದರಲ್ಲಿ ರಿಪೇರಿಯಮ್ಮನ ಮಾತು ತಪ್ಪಿದ್ದೇ ಇಲ್ಲ. ಅವಳ ರೀತಿಯೇ ಬೇರೆ. ಮಕ್ಕಳಿಗೆ ವಾದ್ಯವನ್ನು ತೋರಿಸುತ್ತಲೇ ಇರಲಿಲ್ಲ. ಹೊಳೆಯುವುದನ್ನು ಕಂಡರೆ ಮಗು ಅದನ್ನೇ ಬೇಕೆನ್ನುತ್ತದೆ, ದೊಡ್ಡವರು ಮಗುವಿಗಿಂತ ಜೋರಾಗಿ ಬೇಕೆನ್ನುತ್ತಾರೆ. ಅದಕ್ಕೆ ಬರೀ ಬಾಯಿಗಿಡುವ ತುದಿಯ ಮೌತ್‌ಪೀಸ್‌ಗಳನ್ನು ಬಿಸಿನೀರಲ್ಲಿ ತೊಳೆದು, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೇ ಊದಿಸಿ, ತಾನು ಬೆನ್ನು ತಿರುಗಿಸಿ ಕೇಳಿಸಿಕೊಳ್ಳುತ್ತಿದ್ದಳು.

ಈ ರೀತಿಯನ್ನು ಅವಳು ಯಾರಿಂದಲೂ ಕಲಿತದ್ದಲ್ಲ. ಕಲಿಸಿದ್ದು ಅವಳ ಸ್ವಂತ ತುಟಿ.

ಹತ್ತು ವರ್ಷದವಳಿದ್ದಾಗ ಇದೇ ಮೇಷ್ಟ್ರು ಶಾಲೆಯ ಬೀರು ತೆಗೆದು, ಯಾರೂ ತೆಗೆದುಕೊಳ್ಳದೆ ಮಿಕ್ಕಿದ್ದ ಟ್ರಂಪೆಟ್ ಒಂದನ್ನು ಅವಳ ಕೈಗೆ ಹಾಕಿದ್ದರು. ಅವಳ ಮೇಲಿನ ಎರಡು ಹಲ್ಲು ಮುಂದಕ್ಕೆ ಚಾಚಿದ್ದವು. ಕಬ್ಬಿಣದಂಥ ಮೌತ್‌ಪೀಸಿನ ಅಂಚಿಗೂ ಹಲ್ಲಿಗೂ ನಡುವೆ ಸಿಕ್ಕಿದ ತುಟಿ ಎಂಟು ತಿಂಗಳು ಅರೆದುಹೋಯಿತು. ಒಂದು ಬೆಳಿಗ್ಗೆ ಎಲ್ಲರೆದುರಿಗೇ ಹರಿದು ರಕ್ತ ಕಾಲರಿನ ಮೇಲೆ ಬಿತ್ತು. ಮೇಷ್ಟ್ರು ಕೋಲು ಮೇಜಿಗೆ ಕುಟ್ಟಿ, "ನಿನ್ನ ಬಾಯಿಗೆ ಊದೋದಲ್ಲ, ಊಟ ಮಾಡೋದೊಂದೇ ಸರಿ. ಎದ್ದು ಹೋಗು," ಎಂದರು. ಮೂವತ್ತು ಮಕ್ಕಳು ನಕ್ಕರು. ಅವಳು ಎದ್ದುಹೋದಳು.

ಹತ್ತು ವರ್ಷ ಅವಳು ಆ ಮಾತನ್ನು ನಂಬಿದ್ದಳು. ಆಮೇಲೆ ಇದೇ ಅಂಗಡಿಗೆ ಕಸ ಗುಡಿಸಲು ಸೇರಿ, ನೋಡಿ ನೋಡಿ ಕೆಲಸ ಕಲಿತು, ಒಂದು ದಿನ ಕ್ಲಾರಿನೆಟ್ಟಿಗೆ ತೂತು ಮುಚ್ಚುವ ಪ್ಯಾಡ್ ಅಂಟಿಸಿ, ಗಾಳಿ ಸೋರುತ್ತದೋ ಏನೋ ಎಂದು ಬಾಯಿಗಿಟ್ಟು ಊದಿದಳು. ಮುಂಚಾಚಿದ ಹಲ್ಲು ಮೌತ್‌ಪೀಸಿನ ಮೇಲೆ ಅದಕ್ಕೆಂದೇ ಮಾಡಿದಂತೆ ಕೂತಿತು. ಕೆಳತುಟಿ, ಸ್ವರ ಹೊರಡಿಸುವ ತೆಳು ಬೆತ್ತದ ರೀಡಿನಡಿಗೆ, ಮೆತ್ತಗೆ ಮಡಿಸಿಕೊಂಡಿತು. ಹೊರಟ ಸ್ವರ ಎಷ್ಟು ನೆಟ್ಟಗಿತ್ತೆಂದರೆ ಒಳಗೆ ಬೆಸುಗೆ ಹಾಕುತ್ತಿದ್ದ ಯಜಮಾನರು ಕೈ ನಿಲ್ಲಿಸಿ ಹೊರಗೆ ಬಂದರು. ಅವತ್ತು ಅವಳಿಗೆ ಸಂತೋಷವಾಗಲಿಲ್ಲ. ಸಿಟ್ಟು ಬಂತು. ಆ ಸಿಟ್ಟನ್ನು ಅವಳು ಇವತ್ತಿನವರೆಗೆ ಎಣ್ಣೆ ಹಾಕಿ, ಬಟ್ಟೆ ಸುತ್ತಿ, ತುಕ್ಕು ಹಿಡಿಯದಂತೆ ಇಟ್ಟುಕೊಂಡು ಬಂದಿದ್ದಳು.

"ನನ್ನ ಟ್ರಂಪೆಟ್ ಕಾರಲ್ಲೇ ಉಳೀತು, ತರ್ತೀನಿ ಇರು," ಎಂದು ಮೇಷ್ಟ್ರು ಬೀದಿಯ ಕೊನೆಗೆ ಹೋದರು.

"ಬಾ ಪುಟ್ಟಿ. ಇದನ್ನ ಊದು."

ಟ್ರಂಪೆಟ್ಟಿನ ಮೌತ್‌ಪೀಸಿನಿಂದ ಬಂದದ್ದು ಬರೀ ಉಗುಳಿನ ಸದ್ದು. ಹುಡುಗಿ ಒತ್ತಿದಳು, ಕೆನ್ನೆ ಉಬ್ಬಿಸಿದಳು, ಕಣ್ಣಲ್ಲಿ ನೀರು ತಂದುಕೊಂಡಳು. ರಿಪೇರಿಯಮ್ಮ ತಿರುಗಿ ಅವಳ ಬಾಯಿ ನೋಡಿದಳು. ಮೇಲಿನ ಎರಡು ಹಲ್ಲು ಮುಂದಕ್ಕೆ. ಕೆಳತುಟಿ ಮೆತ್ತಗೆ. ಕನ್ನಡಿ ನೋಡಿದ ಹಾಗಾಯಿತು. ಆಮೇಲೆ ಕ್ಲಾರಿನೆಟ್ಟಿನ ಕಪ್ಪು ಮೌತ್‌ಪೀಸ್ ಕೊಟ್ಟಳು. ಎರಡನೇ ಉಸಿರಿಗೇ ಸ್ವರ ಎಳೆದ ದಾರದಂತೆ ಬಂತು.

"ಅಜ್ಜಿ! ಇದು ಬಂತು! ಈ ಕಪ್ಪಿದು ಬಂತು!"

ಬೀದಿಯಲ್ಲಿ ಎರಡು ಸಲ ಕೆಮ್ಮು ಕೇಳಿಸಿತು. ರಿಪೇರಿಯಮ್ಮ ಕಪ್ಪು ಮೌತ್‌ಪೀಸನ್ನು ಹುಡುಗಿಯ ಕೈಯಿಂದ ತೆಗೆದು ಬಟ್ಟೆಯ ಕೆಳಗೆ ಸರಿಸಿದಳು.

"ಏನಂತೀಯಮ್ಮ?"

"ಟ್ರಂಪೆಟ್ಟೇ ಮೇಷ್ಟ್ರೇ. ನೀವು ಹೇಳಿದ ಮೇಲೆ ಇನ್ನೇನಿದೆ."

"ನಾನು ಹೇಳಲಿಲ್ವಾ!" ಎಂದು ಅವರು ಮೊಮ್ಮಗಳ ಬೆನ್ನು ತಟ್ಟಿದರು. ಹೋಗುವಾಗ ಹುಡುಗಿ ಬಾಗಿಲಿನವರೆಗೂ ಹಿಂದಕ್ಕೆ ತಿರುಗಿ ನೋಡುತ್ತಲೇ ಹೋಯಿತು.

ಆ ನೋಟವನ್ನು ರಿಪೇರಿಯಮ್ಮ ಕಸದ ಜೊತೆ ಗುಡಿಸಿ ಹಾಕಿದಳು. ನಾನೇನು ಸುಳ್ಳು ಹೇಳಿದೆನೇ, ಅವರಿಗೆ ಬೇಕಾದ್ದನ್ನು ಹೇಳಿದೆ ಅಷ್ಟೆ ಎಂದುಕೊಂಡಳು. ಆರು ವಾರ. ಆಯ್ಕೆಯ ದಿನ ತಾನೂ ಹೋಗಿ ಮುಂದಿನ ಸಾಲಿನಲ್ಲೇ ಕೂರಬೇಕು. ದೊಡ್ಡ ಮೇಷ್ಟ್ರ ಮೊಮ್ಮಗಳು ಎಂದು ಹೆಸರು ಕೂಗುತ್ತಾರೆ. ಆ ಟ್ರಂಪೆಟ್ಟಿನಿಂದ ಪುಸ್ ಎಂದು ಗಾಳಿ ಹೊರಡುತ್ತದೆ. ಆಗ ಆ ಮುಖ ನೋಡಬೇಕು. ಮೂರು ವಾರ ಅವಳು ಈ ಚಿತ್ರವನ್ನು ಚಪ್ಪರಿಸಿಕೊಂಡೇ ಪ್ಯಾಡ್ ಕತ್ತರಿಸಿದಳು, ಕಾರ್ಕ್ ಉಜ್ಜಿದಳು. ಊಟವೂ ಎಂದಿಗಿಂತ ಎರಡು ತುತ್ತು ಹೆಚ್ಚಿಗೆ ಸೇರಿತು.

ನಾಲ್ಕನೇ ವಾರ ಮತ್ತೆ ಕೆಮ್ಮು. ಅಂಗಡಿಯಲ್ಲಿ ಆಗ ಟ್ಯೂಬಾ ಊದುವ ಗುಂಡಣ್ಣ ಕೂತಿದ್ದ. ಅವನ ವಾದ್ಯಕ್ಕೂ ಅವನ ಹೊಟ್ಟೆಗೂ ಒಂದೇ ಅಳತೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದುದರಿಂದ ಅವನಿಗೆ ಆ ಹೆಸರು.

"ವಾಲ್ವ್ ಅಂಟಿಕೊಳ್ತಿದೆ, ನೋಡಮ್ಮ," ಎಂದರು ಮೇಷ್ಟ್ರು. "ಇವಳಿಗಂತೂ ಏನೂ ಬರ್ತಿಲ್ಲ. ಛಲವೇ ಇಲ್ಲ. ಈಗಿನ ಮಕ್ಕಳೇ ಹಾಗೆ."

ಹುಡುಗಿಯ ತುಟಿಯ ಮೇಲೆ ಕೆಂಪಗೆ ಒಂದು ಬಳೆಯಂಥ ಗುರುತಿತ್ತು. ನಡುವೆ ಸೀಳು. ಕರವಸ್ತ್ರವನ್ನು ರಕ್ತದ ಕಲೆ ಒಳಗೆ ಬರುವಂತೆ ಮಡಿಸಿ ಮುಷ್ಟಿಯಲ್ಲಿ ಹಿಡಿದಿತ್ತು. ಹಾಗೆ ಮಡಿಸುವುದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿರಲಾರರು. ರಿಪೇರಿಯಮ್ಮನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಆಗ ಅವಳಿಗೆ ಬಂದದ್ದು ಕರುಣೆಯಲ್ಲ, ಮೊದಲು ಬಂದದ್ದು ಜುಗುಪ್ಸೆ. ಇಷ್ಟು ವರ್ಷ ಸಾಣೆ ಹಿಡಿದ ಕತ್ತಿ, ಹೋಗಿ ಹೋಗಿ ಯಾರಿಗೆ ತಾಗಿದೆ! ಮುದುಕ ಗುಂಡುಕಲ್ಲಿನ ಹಾಗೆ ನಿಂತಿದ್ದಾನೆ. ತುಟಿ ಹರಿದದ್ದು ಈ ಮಗುವಿನದು. ನನ್ನ ಸೇಡೇ ಅವನ ಚಾಕರಿ ಮಾಡುತ್ತಿದೆಯಲ್ಲ!

ಅವಳು ವಾಲ್ವ್ ತೆಗೆದು ಒರೆಸಿ ಎಣ್ಣೆ ಹಾಕಿ ಜೋಡಿಸಿದಳು. ಮೇಷ್ಟ್ರು ಮಾತಾಡುತ್ತಲೇ ಇದ್ದರು. ಮಾತಿನ ನಡುವೆ ಸಣ್ಣಗೆ ಟಕ್, ಟಕ್. ವಾಲ್ವಿನ ಸದ್ದಿಗೆ ಕಿವಿ ಕೊಟ್ಟು ಬದುಕಿದವಳಿಗೆ ಕಟ್ಟಿಸಿದ ಹಲ್ಲಿನ ಸದ್ದು ತಿಳಿಯದೇ?

"ಸರಿಯಾಯ್ತು ಮೇಷ್ಟ್ರೇ. ಮಗು ತುಟಿ ಒಡೆದಿದೆ. ನೀವೇ ಒಂದ್ಸಲ ಊದಿ ನೋಡಿ."

"ನಾನ್ಯಾಕೆ, ಬಿಡು."

"ಹೆಸರಾದವರು. ಗುಂಡಣ್ಣನೂ ಕೇಳಲಿ, ಪುಣ್ಯ ಮಾಡಿದ್ದಾನೆ."

"ಹೌದು ಸಾರ್, ಒಂದು ಸಣ್ಣದು," ಎಂದು ಗುಂಡಣ್ಣ ಏನೂ ಅರಿಯದೆ ಕುರ್ಚಿ ಎಳೆದುಕೊಂಡ.

ಮೇಷ್ಟ್ರು ಎದೆ ಉಬ್ಬಿಸಿ ಟ್ರಂಪೆಟ್ ಎತ್ತಿದರು. ಬಂದದ್ದು ಒದ್ದೆ ಚೀಲ ಕೊಡವಿದಂಥ ಸದ್ದು. ಹಲ್ಲಿನ ಸೆಟ್ಟು ಒಳಗೇ ಜಾರಿತು. ನಾಲಿಗೆಯಿಂದ ಸರಿಮಾಡಿಕೊಂಡು ಮತ್ತೆ ಊದಿದರು. ಇನ್ನೂ ಜೋರಾಗಿ ಒತ್ತಿದರು. ಕತ್ತಿನ ನರ ಎದ್ದವು.

"ಒತ್ತಬೇಡಿ. ಒತ್ತಿದರೆ ತುಟಿ ಹರಿಯುತ್ತೆ ಅಷ್ಟೆ," ಎಂದಳು ರಿಪೇರಿಯಮ್ಮ, ಮೆಲ್ಲಗೆ. "ಇನ್ನೊಂದ್ಸಲ. ಛಲ ಇರಲಿ ಮೇಷ್ಟ್ರೇ."

ಮೂರನೇ ಸಲ ಎಂಜಲು ಗಲ್ಲದ ಮೇಲೆ ಇಳಿಯಿತು. ಗುಂಡಣ್ಣ ನೆಲ ನೋಡತೊಡಗಿದ. ಮೇಷ್ಟ್ರು ಟ್ರಂಪೆಟ್ ಕೆಳಗಿಟ್ಟರು. "ಹಲ್ಲು ಹೋದ ಮೇಲೆ ಆಗಲ್ಲಮ್ಮ. ಅದಕ್ಕೆ ಹಲ್ಲು ಸರಿಯಾಗಿರ್ಬೇಕು," ಎಂದರು.

"ಸರಿಯಾಗಿರ್ಬೇಕು, ಅಲ್ವಾ? ಹಾಗಾದ್ರೆ ನಿಮ್ಮ ಮೊಮ್ಮಗಳ ಹಲ್ಲು ನೋಡಿ. ಆಮೇಲೆ ನನ್ನವು ನೋಡಿ." ಅವಳು ತುಟಿ ಎತ್ತಿ ತೋರಿಸಿದಳು. "ನಾನು ನಿಮ್ಮ ಬ್ಯಾಂಡಿನಲ್ಲಿದ್ದೆ. ಎಲ್ಲರೆದುರಿಗೆ ರಕ್ತ ಬಂತು. ಎದ್ದು ಹೋಗು ಅಂದ್ರಿ."

ಮೇಷ್ಟ್ರು ಅವಳನ್ನೇ ನೋಡಿದರು. ನಿಜಕ್ಕೂ ಹುಡುಕುತ್ತಿದ್ದರು. ಸಿಗಲಿಲ್ಲ.

"ನೆನಪಿಲ್ಲಮ್ಮ. ಇರಬಹುದು. ಆಗ ಬೀರುವಿನಲ್ಲಿ ಏನು ಮಿಕ್ಕಿರ್ತಿತ್ತೋ ಅದನ್ನೇ ಕೊಡ್ತಿದ್ದೆ. ಬಾಯಿ ಯಾರು ನೋಡ್ತಿದ್ರು?"

ಅಷ್ಟೇ. ಬಾಗಿಲು ಒಡೆಯುತ್ತೇನೆಂದು ಓಡಿ ಬಂದವಳಿಗೆ ಬಾಗಿಲೇ ಇಲ್ಲದ ಹಾಗಾಯಿತು. ಕೈಗೆ ಏನಾದರೂ ಬೇಕಿತ್ತು. ಕಪಾಟಿನಿಂದ ಒಂದು ಸಣ್ಣ ಕ್ಲಾರಿನೆಟ್ ತೆಗೆದು ಜೋಡಿಸಿ ಹುಡುಗಿಗೆ ಕೊಟ್ಟಳು. "ಇವತ್ತೇ ಊದಬೇಡ, ತುಟಿ ಒಣಗಲಿ," ಎನ್ನುವಷ್ಟರಲ್ಲಿ ಅದು ಊದಿಯೇ ಬಿಟ್ಟಿತ್ತು. ಒಂದೇ ಸ್ವರ. ಉದ್ದಕ್ಕೆ, ತುಂಬಿಕೊಂಡು, ಎಲ್ಲೂ ಬಳುಕದೆ.

ಮೇಷ್ಟ್ರು ಕಣ್ಣು ಮುಚ್ಚಿದರು. ಮುಖವೆಲ್ಲ ಸಡಿಲವಾಯಿತು. "ಆಹಾ," ಎಂದರು. ಅವಮಾನ, ಎಂಜಲು, ಹಲ್ಲು ಎಲ್ಲವನ್ನೂ ಮರೆತು, "ಇನ್ನೊಂದ್ಸಲ ಊದು ಮಗಳೇ," ಎಂದರು.

ರಿಪೇರಿಯಮ್ಮನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅವರನ್ನು ಸುಡಲು ಹೋಗಿ ಕೈಯಾರೆ ಹಬ್ಬ ಮಾಡಿಕೊಟ್ಟಿದ್ದಳು.

"ಪಾಠ ನಾನೇ ಹೇಳಿಕೊಡ್ತೀನಿ," ಎಂದಳು. "ನೀವು ಕರ್ಕೊಂಡು ಬನ್ನಿ. ಆದ್ರೆ ಒಳಗೆ ಬರೋ ಹಾಗಿಲ್ಲ. ಶಾಲೆಯ ಅರ್ಜೀಲಿ ಟ್ರಂಪೆಟ್ ಅಂತ ಬರೆದಿದ್ದೀರಲ್ಲ, ಅದನ್ನೂ ನೀವೇ ಹೊಡೆದು ಹಾಕಿ."

ಮೇಷ್ಟ್ರು ಹೊಡೆದು ಹಾಕಿದರು.

ಅಂಗಡಿಯ ಹಿಂದೆ ವಾದ್ಯ ಊದಿ ಪರೀಕ್ಷಿಸುವ ಕೋಣೆಯೊಂದಿತ್ತು. ಅಕ್ಕಪಕ್ಕದವರು ದೂರಬಾರದೆಂದು ಗೋಡೆಗೆಲ್ಲ ದಪ್ಪ ಕಂಬಳಿ ಬಡಿದು, ಬಾಗಿಲಿಗೆ ಎರಡು ಪದರದ ಗಾಜು ಹಾಕಿಸಿದ್ದರು. ಬಾಗಿಲು ಹಾಕಿದರೆ ಗುಂಡಣ್ಣನ ಟ್ಯೂಬಾ ಕೂಡ ಹೊರಗೆ ಕೇಳದು. ರಿಪೇರಿಯಮ್ಮ ಗಾಜಿನೆದುರಿಗೇ ಬೆಂಚು ಹಾಕಿಸಿದಳು. ಮೇಷ್ಟ್ರು ವಾರಕ್ಕೆರಡು ದಿನ ಅಲ್ಲಿ ಕೂತರು. ಮೊಮ್ಮಗಳ ಕೆನ್ನೆ, ಬೆರಳು, ಉಸಿರಿಗೆ ಏಳುವ ಭುಜ ಎಲ್ಲ ಕಾಣುತ್ತಿತ್ತು. ಒಂದು ಸ್ವರವೂ ಕೇಳುತ್ತಿರಲಿಲ್ಲ. ಬಾಳೆಲ್ಲ ಕಿವಿಯಿಂದಲೇ ಬದುಕಿದ ಮನುಷ್ಯ ಮುಂದಕ್ಕೆ ಬಾಗಿ, ಕಣ್ಣಿನಿಂದ ಕೇಳಲು ಒದ್ದಾಡುತ್ತಿದ್ದರು. ಕೊನೆಗೂ ರಿಪೇರಿಯಮ್ಮನ ಹೊಟ್ಟೆ ತಣ್ಣಗಾಯಿತು. ಮನೆಯಲ್ಲಿ ಊದಿಸಬೇಡಿ, ರೀಡ್ ಹಾಳಾಗುತ್ತೆ ಎಂದು ವಾದ್ಯವನ್ನೂ ಅಂಗಡಿಯಲ್ಲೇ ಇಟ್ಟುಕೊಂಡಿದ್ದಳು.

ಆಯ್ಕೆಗೆ ನಾಲ್ಕು ದಿನ ಇತ್ತು. ಅವತ್ತು ಹುಡುಗಿ ಒಳಗೆ ಬಂದವಳು ಬಾಗಿಲು ಹಾಕಲಿಲ್ಲ. ಸ್ಟೂಲ್ ಎಳೆದು ಬಾಗಿಲಿಗೆ ಅಡ್ಡ ಇಟ್ಟಳು.

"ಬಾಗಿಲು ಹಾಕು ಪುಟ್ಟಿ."

"ಹಾಕಲ್ಲ."

"ಯಾಕೆ?"

"ತಾತ ಕೇಳ್ಬೇಕು."

"ನಿಮ್ಮ ತಾತ ನಿನ್ನ ತುಟಿ ಹರಿಸಿದ್ದು ಮರೆತೆಯಾ?"

ಹುಡುಗಿ ನಾಲಿಗೆಯ ಮೇಲೆ ನೆನೆಸುತ್ತಿದ್ದ ರೀಡನ್ನು ಕೈಗೆ ತೆಗೆದುಕೊಂಡಿತು. "ಈ ಕಪ್ಪಿದು ಚೆನ್ನಾಗಿ ಬಂತು ಅಂತ ಅವತ್ತೇ ಹೇಳಿದ್ನಲ್ಲ ಅಜ್ಜಿ. ನೀವ್ಯಾಕೆ ಬಟ್ಟೆ ಕೆಳಗೆ ಇಟ್ರಿ?"

ಹುಡುಗಿ ಬಯ್ಯುತ್ತಿರಲಿಲ್ಲ. ಕೇಳುತ್ತಿತ್ತು, ಅಷ್ಟೇ. ಉತ್ತರಕ್ಕೆ ಕಾಯುತ್ತಲೂ ಇತ್ತು. ಕ್ಲಾರಿನೆಟ್ ಮಡಿಲಲ್ಲಿ ಸುಮ್ಮನೆ ಮಲಗಿತ್ತು.

"ಬಾಗಿಲು ಹಾಕಿದ್ರೆ ಊದಲ್ಲ," ಎಂದಿತು ಕೊನೆಗೆ.

ಊದುವುದಿಲ್ಲ ಎಂದರೆ ಊದುವುದಿಲ್ಲ. ಆ ಗದ್ದದ ಬಿಗಿ ರಿಪೇರಿಯಮ್ಮನಿಗೆ ಚೆನ್ನಾಗಿಯೇ ಗೊತ್ತಿತ್ತು. ಅವಳು ಎದ್ದು ಹೋಗಿ ಸ್ಟೂಲನ್ನು ಪಕ್ಕಕ್ಕೆ ಸರಿಸಿದಳು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಹೆಬ್ಬೆರಳು, ಕಿರುಬೆರಳು ಚಾಚಿ ಅಳೆದು, ಅಷ್ಟಕ್ಕೆ ಸರಿಯಾಗಿ ಬಾಗಿಲನ್ನು ತಂದು ನಿಲ್ಲಿಸಿದಳು.

"ಒಂದು ಗೇಣು," ಎಂದಳು, ಬೆಂಚಿನ ಕಡೆ ನೋಡದೆ. "ಅದಕ್ಕಿಂತ ಒಂದು ಬೆರಳೂ ಹೆಚ್ಚಿಗೆ ಇಲ್ಲ."

ಹೊರಗೆ ಮೇಷ್ಟ್ರು ಬೆಂಚಿನ ತುದಿಗೆ ಸರಿದರು. ಆ ಸಂದಿಗೆ ಕಿವಿ ಹಚ್ಚಿ ಕೂತರು. ಕೆಮ್ಮು ಬಂದರೂ ಬಾಯಿಗೆ ಕೈ ಅಡ್ಡ ಹಿಡಿದು ನುಂಗಿಕೊಂಡರು.

"ಊದು," ಎಂದಳು ರಿಪೇರಿಯಮ್ಮ.