ಕಂದೀಲಿನ ಬದಲಿಗೆ

ನಮ್ಮ ಮಾವ ಶಂಕರೆಪ್ಪನವರಷ್ಟು ಶಾಣ್ಯಾ ಮನುಷ್ಯ ಸುರೇಬಾನದಲ್ಲಿ ಇನ್ನೊಬ್ಬರಿಲ್ಲ. ಇದು ನನ್ನ ಮಾತಲ್ಲ, ಅವರದೇ. ಪುರಾವೆ ಬೇಕಲ್ಲ, ಅದಕ್ಕೆ ಮದುವೆ, ಬಸುರಿಯರ ಕುಬಸ ಎಲ್ಲೇ ನಾಲ್ಕು ಜನ ಕೂಡಿದರೂ ಹಗೇವಿನ ಕತೆ ತೆಗೆಯುತ್ತಾರೆ.

ನೆಲದೊಳಗೆ ಜೋಳ ತುಂಬಿಡುವ ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯಬಾರದು, ಒಳಗೆ ಕೆಟ್ಟ ಗಾಳಿ ಇರುತ್ತದೆ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುತ್ತಾರೆ. ಅದು ಆರಿದರೆ ಆಳು ಇಳಿಯುವುದಿಲ್ಲ. ಒಂದು ವರ್ಷ ಕಂದೀಲಿನ ಗಾಜು ಒಡೆದಿತ್ತು. ಮಾವನವರು ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ಇಯತ್ತೆಯಲ್ಲಿದ್ದ ಮಗಳು ಇಂದ್ರವ್ವನನ್ನು ಹೆಡಿಗೆ ಬುಟ್ಟಿಯಲ್ಲಿ ಕೂರಿಸಿ ಹಗ್ಗದಿಂದ ಇಳಿಸಿದರು.

"ಮಾತಾಡಕೋತ ಇರು. ದನಿ ನಿಂತ್ರ ಮ್ಯಾಲ ಎಳೀತೇನಿ."

ದನಿ ನಿಂತಿತು. ಎಳೆದರು, ಮುಖಕ್ಕೆ ನೀರು ಹೊಡೆದರು, ಹುಡುಗಿ ಕಣ್ಣುಬಿಟ್ಟಳು. ಕತೆ ಇಲ್ಲಿಗೆ ಬಂದಾಗ ಜನ ನಗಬೇಕು, ನಗುತ್ತಾರೆ. ಹೊಸ ಗಾಜು ಬಂದ ಮೇಲೂ ಹುಡುಗಿ ಹಟ ಮಾಡಿದಾಗಲೆಲ್ಲ ಖಾಲಿ ಹಗೇವಿಗಿಳಿಸಿ ಮೇಲೆ ಚಪ್ಪಡಿ ಎಳೆಯುತ್ತಿದ್ದರಂತೆ. ಇದನ್ನು ಮಾತ್ರ ಮದುವೆ ಮನೆಯಲ್ಲಿ ಹೇಳುವುದಿಲ್ಲ. ನನಗೆ ಹೇಳಿದವರು ಅತ್ತೆ.

ನಾನು ಸೊಸೆಯಾಗಿ ಬಂದಾಗ ಈ ಇಂದ್ರವ್ವ, ನನ್ನ ಗಂಡನ ಅಕ್ಕ, ತಮ್ಮ ಗಂಡನ ಮನೆಯಿಂದ ವಾಪಸಾಗಿ ಧಾರವಾಡದ ಹುಚ್ಚಾಸ್ಪತ್ರೆಯ ಗುಳಿಗೆ ನುಂಗುತ್ತ ಪಡಸಾಲೆಯ ಮೂಲೆ ಹಿಡಿದಿದ್ದರು. ಇಲ್ಲದವರ ದನಿ ಅವರಿಗೆ ಕೇಳುತ್ತಿತ್ತು. ಬಾಯಿಗೆ ಬಿಡುವೇ ಇರಲಿಲ್ಲ. ದನ, ಮಳೆ, ರೊಟ್ಟಿ, ಸತ್ತವರ ಹೆಸರು, ಏನಾದರೊಂದು ಮಾತು, ನಡುನಡುವೆ "ಕೇಳಸತೈತೇನ?" ಎಂಬ ಪ್ರಶ್ನೆ. ಯಾರೂ ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಟ್ಟರೆ ಹುಚ್ಚು ಹೆಚ್ಚಾಗುತ್ತದೆ ಎಂಬುದು ಮಾವನವರ ಸಂಶೋಧನೆ.

ಹುಚ್ಚಿನದೊಂದು ಅನುಕೂಲ, ಅದು ಬಂದವರಿಗೆ ಬೇರೆ ರೋಗವೇ ಬರುವುದಿಲ್ಲ. ೨೦೦೩ರಲ್ಲಿ ಇಂದ್ರವ್ವನ ಕಾಲು ಬಾತವು. ಹುಚ್ಚು ಕಾಲಿಗಿಳಿಯಿತು ಅಂದರು. ಮಲಗಲಾಗದೆ ಗೋಡೆಗೊರಗಿ ಕೂತರೆ, ಹುಚ್ಚರಿಗೆಲ್ಲಿ ನಿದ್ದೆ ಅಂದರು. ಎದೆ ಮುಟ್ಟಿಕೊಂಡು "ಚಪ್ಪಡಿ ತಗೀರಿ" ಎಂದು ಬೇಡಿದಾಗ, ಹಳೇ ರಾಗ. ರಾಮದುರ್ಗದ ಡಾಕ್ಟರು ಮೇಜಿನ ಆಚೆಯಿಂದಲೇ ಕಾಯಿಲೆ ಕಂಡುಹಿಡಿದು ನಿದ್ದೆಗುಳಿಗೆ ಹೆಚ್ಚಿಸಿದರು.

ಒಂದು ಮುಂಜಾನೆ ಇಂದ್ರವ್ವನ ಮಾತು ನಿಂತಿತು. ಮನೆಯಲ್ಲಿ ಹಬ್ಬ. ಗುಳಿಗೆ ಹತ್ತಿತೆಂದು ಮಾವನವರು ಗೊಡಚಿ ವೀರಭದ್ರನಿಗೆ ಕಾಯಿ ಒಡೆಸಲು ಹೊರಟರು. ಅತ್ತೆ ಹೋಳಿಗೆಗೆ ಬೇಳೆ ಇಟ್ಟರು. ನಾನು ಹೂರಣ ರುಬ್ಬುತ್ತಿದ್ದವಳು ಒರಳು ನಿಲ್ಲಿಸಿದೆ. ಮನೆಯೆಲ್ಲ ಸುಮ್ಮನಿತ್ತು. ಕೇಳಿ ಕೇಳಿ ಬೇಸತ್ತ ಆ ಕತೆ ಆಗ ಎದೆಗೆ ಒದ್ದಂತಾಯಿತು. ದನಿ ನಿಂತಿದೆ. ಎಳೆಯಬೇಕಾದವರು ಕಾಯಿ ಹಿಡಿದು ಬಸ್ಸಿಗೆ ಹೋಗಿದ್ದಾರೆ.

ಟಂಟಂ ಗಾಡಿ ತರಿಸಿ ಇಂದ್ರವ್ವನನ್ನು ಹೊತ್ತುಕೊಂಡೇ ಹತ್ತಿಸಿ ರಾಮದುರ್ಗಕ್ಕೆ ಒಯ್ದೆ. ಡಾಕ್ಟರು ಮೇಜಿನ ಆಚೆಯಿಂದಲೇ ಮತ್ತೆ ಗುಳಿಗೆಯ ಮಾತೆತ್ತಿದರು. ನನಗೆ ಸಿಟ್ಟು ನೆತ್ತಿಗೇರಿತು.

"ಆ ಕೊಳವಿ ಏನ್ ನಿಮ್ಮ ಕೊಳ್ಳಾಗಿನ ಸರಾ ಏನ್ರಿ? ಅಕಿ ಎದಿ ಮ್ಯಾಲ ಇಡ್ರಿ."

ಇಟ್ಟರು. ಇಟ್ಟವರು ತೆಗೆಯಲಿಲ್ಲ. ಹೃದಯ ಸೋತಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಗದರಿದರು. ಅದೇ ಗಾಡಿಯಲ್ಲಿ ಸಾಗಹಾಕಿದರೆ ದಾರಿಯಲ್ಲೇ ಮುಗಿಯುತ್ತದೆಂದು ಆಂಬುಲೆನ್ಸು ಮಾಡಿಸಿ ಬೆಳಗಾವಿಗೆ ಕಳಿಸಿದರು.

ಅಲ್ಲಿಯ ಡಾಕ್ಟರಮ್ಮ ಎಳೆತನದ್ದನ್ನೆಲ್ಲ ಕೇಳಿದರು. ಸಣ್ಣಂದಿನ ಅಂಜಿಕೆ ತಲೆಗಷ್ಟೇ ಅಲ್ಲ, ಮೈಗೂ ಹತ್ತುತ್ತದೆ ಅಂದರು. ಪ್ರಸಾದ ಹಿಡಿದು ಬಂದಿದ್ದ ಮಾವನವರಿಗೆ ಈ ಮಾತು ಹಿಡಿಸಲಿಲ್ಲ. ಆಮ್ಲಜನಕದ ಮುಸುಕಿನೊಳಗೆ ಇಂದ್ರವ್ವ ಮತ್ತೆ ದನ, ಮಳೆ, ರೊಟ್ಟಿ ಶುರು ಮಾಡಿದ್ದರು. ಇವಳನ್ನು ಸುಮ್ಮನಿರಿಸುವ ಗುಳಿಗೆ ಕೊಡಿ ಎಂದು ಮಾವನವರು ಕೇಳಿದರು.

"ಮಾತಾಡ್ಲಿ ಬಿಡ್ರಿ ಮಾವಾರ," ಅಂದೆ. "ದನಿ ನಿಂತ್ರ ಎಳೀತೇನಿ ಅಂದವ್ರು ನೀವ."

"ನಾ ಅವತ್ತ ಎಳದೇ ಎಳದೇನಲ್ಲಾ," ಅಂದರು ಮಾವನವರು.

ಇಂದ್ರವ್ವ ಮುಸುಕು ಸರಿಸಿ ಅಪ್ಪನ ಕಡೆ ತಿರುಗಿದರು.

"ಹೆಡಿಗಿ ಅಷ್ಟ ಎಳದಿ, ಅಪ್ಪಾ. ನಾ ಇನ್ನೂ ಅಲ್ಲೇ ಅದೇನಿ. ಕೇಳಸತೈತೇನ?"

ಮಾವನವರು ಉತ್ತರ ಕೊಡಲಿಲ್ಲ. ಕೊಟ್ಟರೆ ಹುಚ್ಚು ಹೆಚ್ಚಾಗುತ್ತದಲ್ಲ.