ಎಂಟು ಸ್ಪ್ಯಾನರುಗಳ ಡಬ್ಬಿ

ನಮ್ಮ ಕಟ್ಟಡದಲ್ಲಿ ನನ್ನನ್ನು ದೊರೆ ಅಂತ ಕರೆಯುತ್ತಿದ್ದರು. ಕಿರೀಟ ಇರಲಿಲ್ಲ, ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಹಳೆ ಬಟ್ಟೆಗೆ ಹೊಸ ಬಣ್ಣ ಹಾಕುವುದು ನನ್ನ ಕಸುಬು. ಉಗುರಿನ ಸಂದಿಯಲ್ಲಿ ಸದಾ ನೀಲಿ ಇರುವ ಮನುಷ್ಯನಿಗೆ ದೊರೆತನ ಹೇಗೆ ಬಂತು ಎಂಬುದನ್ನು ಸಲೀಸಾಗಿ ಹೇಳಬಲ್ಲೆ. ಹೇಗೆ ಹೋಯಿತು ಎಂಬುದನ್ನು ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ.

ನಾಲ್ಕು ಅಂತಸ್ತು, ಎಂಟು ಮನೆ. ನೀರು ಬರುವುದು ಬೆಳಿಗ್ಗೆ ಆರರಿಂದ ಹತ್ತರವರೆಗೆ. ಹೊರಬಾಗಿಲ ಮುಂದಿನ ಗುಂಡಿಯಲ್ಲಿ ಮನೆಗೊಂದು ವಾಲ್ವು. ಮೊದಲು ಎಲ್ಲರ ಹತ್ತಿರವೂ ಸ್ಪ್ಯಾನರ್ ಇತ್ತು. ಒಬ್ಬ ತನ್ನ ವಾಲ್ವು ತೆರೆದು ಬೆನ್ನು ತಿರುಗಿಸುವಷ್ಟರಲ್ಲಿ ಇನ್ನೊಬ್ಬ ಬಂದು ಮುಚ್ಚುತ್ತಿದ್ದ. ಒಂದು ದಿನ ಬಸ್ ಕಂಡಕ್ಟರಿಗೂ ಬಡಗಿಗೂ ಬಕೆಟ್ಟಿನಲ್ಲೇ ಹೊಡೆದಾಟವಾಗಿ ಕಂಡಕ್ಟರ ಹಣೆಗೆ ಮೂರು ಹೊಲಿಗೆ ಬಿತ್ತು. ನೀರು ಇಬ್ಬರಿಗೂ ಸಿಗಲಿಲ್ಲ.

ಆಗ ಮೇಲಿನ ಅಂತಸ್ತಿನ ಮೇಡಂ ನಮ್ಮನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿದರು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು, ಹಾಸಿಗೆ ಹಿಡಿದ ಅಕ್ಕನನ್ನು ನೋಡಿಕೊಳ್ಳುತ್ತಿದ್ದರು.

“ದೊಡ್ಡ ದೊಡ್ಡ ಪುಸ್ತಕದಲ್ಲಿ ಇರೋದೂ ಇದೇ,” ಅಂದರು. “ಎಲ್ಲರ ಕೈಲೂ ಸ್ಪ್ಯಾನರ್ ಇದ್ದರೆ ಯಾರ ಮನೆಗೂ ನೀರಿಲ್ಲ. ಎಲ್ಲರೂ ಒಬ್ಬರ ಕೈಗೆ ಕೊಟ್ಟುಬಿಡೋಣ. ಅವರು ಮನೆಗೆ ಅರ್ಧ ಗಂಟೆ ನೀರು ಬಿಡಲಿ, ತಮ್ಮ ಮನೆಗೆ ಕೊನೇಲಿ. ನಾವು ಯಾರೂ ಗುಂಡಿ ಹತ್ತಿರ ಹೋಗಬಾರದು. ಇದೇ ಒಪ್ಪಂದ.”

ಕೆಳಗಿನ ಅಂತಸ್ತಿನಲ್ಲಿ, ಗುಂಡಿಗೆ ಹತ್ತಿರದ ಮನೆ ನನ್ನದು. ಎಲ್ಲರೂ ನನ್ನ ಕಡೆ ನೋಡಿದರು.

“ದೊರೆ ಮಾತಿಗೆ ತಪ್ಪಿದರೆ?” ಅಂತ ನಾನೇ ನಗುತ್ತ ಕೇಳಿದೆ.

“ಕೊಟ್ಟಿದ್ದು ವಾಪಸ್,” ಅಂದರು ಮೇಡಂ. ಅವರು ನಗಲಿಲ್ಲ.

ನನಗೆಂದೇ ಒಂದು ಷರತ್ತು ಇತ್ತು. ನಲ್ಲಿ ನೀರು ಮನೆಗೆ ಮಾತ್ರ. ಬಣ್ಣದ ಕೆಲಸಕ್ಕೆ ರಸ್ತೆ ಕೊನೆಯ ಕೈಪಂಪಿನಿಂದ ಹೊತ್ತು ತರಬೇಕು. ಒಪ್ಪಿಕೊಂಡೆ. ಯಾವುದು ಯಾರದ್ದೆಂದು ಗೊತ್ತಾಗಲು ಒಂದೊಂದು ಸ್ಪ್ಯಾನರಿಗೂ ಒಂದೊಂದು ಬಣ್ಣದ ಚಿಂದಿ ಕಟ್ಟಿ ಡಬ್ಬಿಗೆ ಹಾಕಿದೆ. ನನ್ನದಕ್ಕೆ ನೀಲಿ.

ಮೂರು ವರ್ಷ ಚೆನ್ನಾಗಿಯೇ ಆಳಿದೆ, ಅದು ಸುಳ್ಳಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಗುಂಡಿಗೆ ಬಗ್ಗಿದ್ದೇನೆ. ಈ ಬೇಸಿಗೆಯಲ್ಲಿ ಒಂದು ಶಾಲೆಯ ಇನ್ನೂರು ಸಮವಸ್ತ್ರಕ್ಕೆ ನೀಲಿ ಹಾಕುವ ಕೆಲಸ ಬಂತು. ಬಣ್ಣ ಹಾಕಿದ ಮೇಲೆ ಮೂರು ಮೂರು ಸಲ ಜಾಲಿಸಬೇಕು. ನನ್ನ ಸೊಂಟ ಹಿಡಿದುಕೊಂಡಿತ್ತು. ಕೈಪಂಪಿನ ದಾರಿ ದಿನದಿನಕ್ಕೂ ಉದ್ದವಾಗುತ್ತಿತ್ತು.

ಒಂಬತ್ತರಿಂದ ಒಂಬತ್ತೂವರೆ ಮೇಡಂ ಮನೆಯ ಸರದಿ, ಆಮೇಲೆ ನನ್ನದು. ಒಂದು ದಿನ ಅವರ ಸರದಿಯಲ್ಲೇ ನನ್ನ ವಾಲ್ವನ್ನೂ ಕಾಲು ಸುತ್ತು ತೆರೆದೆ. ಒಂದೇ ಬಕೆಟ್ ಅಂದುಕೊಂಡೆ. ಬೇಸಿಗೆಯ ಬಡಕಲು ನೀರು, ಕೆಳಗೇ ದಾರಿ ಸಿಕ್ಕರೆ ಮೇಲೆ ಯಾಕೆ ಹತ್ತೀತು? ಮರುದಿನ ನಾಲ್ಕು ಬಕೆಟ್ ಆಯಿತು. ವಾರ ಕಳೆಯುವಷ್ಟರಲ್ಲಿ ಅದು ನನಗೆ ಸಲ್ಲಬೇಕಾದದ್ದೇ ಅನ್ನಿಸತೊಡಗಿತು. ಇಷ್ಟು ಜನರ ಚಾಕರಿ ಮಾಡಿದವನಿಗೆ ಇಷ್ಟೂ ಬೇಡವೇ?

“ರೀ, ಮೇಡಂ ಮನೆಗೆ ನೀರು ಹತ್ತುತ್ತಾ?” ಅಂತ ಹೆಂಡತಿ ಕೇಳಿದಳು.

“ಬೇಸಿಗೆ, ಪ್ರೆಷರ್ ಇಲ್ಲ. ನಿನಗ್ಯಾಕೆ?” ಅಂತ ಗದರಿದೆ. ಅವಳು ನನ್ನ ಮುಖ ನೋಡಿ ಬಟ್ಟೆ ಹಿಂಡತೊಡಗಿದಳು.

ಮೇಡಂಗೂ ಅದನ್ನೇ ಹೇಳಿದ್ದೆ, ಅವರು ನಂಬಿದ್ದರು. ಕೈಪಂಪಿನಿಂದ ತಾವೇ ಬಕೆಟ್ ತರತೊಡಗಿದರು. ಅರವತ್ತೆಂಟು ವರ್ಷ, ಮಂಡಿ ನೋವು. ಒಂದೊಂದು ಮೆಟ್ಟಿಲಿಗೂ ಬಕೆಟ್ ಇಟ್ಟು, ಉಸಿರು ಬಿಟ್ಟು, ಮತ್ತೆ ಎತ್ತುತ್ತಿದ್ದರು. ನಾನು ಹೊರಬಾಗಿಲು ಹಿಡಿದುಕೊಂಡು, “ನಿಧಾನ ಮೇಡಂ, ಮೆಟ್ಟಿಲು ಒದ್ದೆ ಇದೆ,” ಅನ್ನುತ್ತಿದ್ದೆ. “ನಿಮ್ಮಂಥವರು ಇರೋದಕ್ಕೆ ಸರಿಹೋಯ್ತು,” ಅನ್ನುತ್ತಿದ್ದರು ಅವರು. ಇದನ್ನು ಹೇಳುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಹನ್ನೆರಡನೇ ದಿನ ಅವರು ಬಕೆಟ್ ಹೊತ್ತು ಬರುವಾಗ ನಾನು ಒಳಗೆ ಬಟ್ಟೆ ಜಾಲಿಸಿ ನೀರು ಚೆಲ್ಲಿದೆ. ನೀಲಿ ನೀರು ನನ್ನ ಮನೆಯ ತೂಬಿನಿಂದ ಹೊರಟು ಅವರ ಚಪ್ಪಲಿಯ ಪಕ್ಕದಲ್ಲೇ ಚರಂಡಿಗೆ ಹರಿಯಿತು. ಅವರು ಬಕೆಟ್ ಕೆಳಗಿಟ್ಟು ನೋಡಿದರು. ಬಡಗಿಯೂ ನೋಡಿದ, ಕಂಡಕ್ಟರ ಹೆಂಡತಿಯೂ ನೋಡಿದಳು.

“ಹನ್ನೆರಡು ದಿನದಿಂದ ಕೈಪಂಪಿಗೆ ಹೋಗ್ತಿದೀನಿ,” ಅಂದರು ಮೇಡಂ. “ನಿಮ್ಮನ್ನ ಅಲ್ಲಿ ಒಂದು ದಿನಾನೂ ನೋಡಲಿಲ್ಲವಲ್ಲ.”

ಕದಿಯುವುದಕ್ಕೂ ಬುದ್ಧಿ ಬೇಕು. ಅವರನ್ನು ಕೈಪಂಪಿಗೆ ಓಡಿಸಿದವನು ನಾನೇ. ನಾನು ಅಲ್ಲಿಗೆ ಬರುವುದಿಲ್ಲವೆಂದು ಅವರಿಗೆ ತೋರಿಸಿಕೊಟ್ಟವನೂ ನಾನೇ. “ಅದು… ನಿನ್ನೆ ತಂದ ನೀರು,” ಅಂದೆ. ಮೇಡಂ ಬಕೆಟ್ ಎತ್ತಿಕೊಂಡರು. ಆ ದಿನ ಬಾಗಿಲು ಹಿಡಿಯಲು ನನ್ನ ಕೈ ಬರಲಿಲ್ಲ.

ಮರುದಿನ ಬೆಳಿಗ್ಗೆ ಏಳೂ ಮನೆಯವರು ನನ್ನ ಬಾಗಿಲಿಗೆ ಬಂದರು. ಬೈಗುಳಕ್ಕೆ ಉತ್ತರ ಸಿದ್ಧ ಮಾಡಿಕೊಂಡಿದ್ದೆ: ಮೂರು ವರ್ಷ ದುಡಿದದ್ದು, ಜ್ವರ, ಸೊಂಟ, ಎಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ನಮ್ಮ ಸ್ಪ್ಯಾನರ್ ಕೊಡಿ,” ಅಂದ ಕಂಡಕ್ಟರ್.

ಡಬ್ಬಿ ತಂದೆ. ಕೆಂಪು ಚಿಂದಿಯದು ಅವನಿಗೆ, ಹಸಿರು ಬಡಗಿಗೆ. ಒಂದೊಂದನ್ನೂ ನನ್ನ ಕೈಯಿಂದಲೇ ಕೊಡಬೇಕಾಯಿತು, ಯಾವುದು ಯಾರದ್ದೆಂದು ಗೊತ್ತಿದ್ದವನು ನಾನೊಬ್ಬನೇ. “ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೇನು ಮಾಡೋದು,” ಅಂತ ಬಡಗಿ ತನ್ನಷ್ಟಕ್ಕೆ ಗೊಣಗಿದ. ಹಳದಿಯದನ್ನು ಮೇಡಂ ಕೊನೆಗೆ ತೆಗೆದುಕೊಂಡರು.

“ಡಬ್ಬೀಲಿ ನಿಮ್ಮದೊಂದು ಉಳಿದಿದೆ,” ಅಂದರು. “ಈಗ ನೀವೂ ನಮ್ಮ ಹಾಗೇ. ಸಂಜೆ ಮತ್ತೆ ಸೇರಿ ಇನ್ನೊಬ್ಬರ ಕೈಗೆ ಕೊಡ್ತೀವಿ. ನೀವೂ ಬರಬೇಕು.”

“ನನ್ನನ್ನ ಯಾಕೆ ಮೇಡಂ?”

“ಎಂಟು ಮನೆ ಅಲ್ವಾ?”

ಕಟ್ಟಡದಿಂದ ಹೊರಗೆ ಹಾಕಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಸಂಜೆ ಹೋದೆ. ಎಲ್ಲರೂ ಕಂಡಕ್ಟರಿಗೆ ಒಪ್ಪಿಸಿದರು. ನೀಲಿ ಚಿಂದಿಯದನ್ನು ನಾನೂ ಅವನ ಕೈಗಿಟ್ಟೆ. ಕಣ್ಣೆತ್ತಿ ನೋಡಲಾಗದೆ ಅವನ ಚಪ್ಪಲಿಯನ್ನೇ ನೋಡುತ್ತಿದ್ದೆ.

ಈಗ ಕೊನೆಯ ಸರದಿ ಕಂಡಕ್ಟರದು, ಅವನ ಹಳೆಯ ಸರದಿ ನನಗೆ ಬಂತು. ಮರುದಿನ ನನ್ನ ಸಮಯಕ್ಕೆ ಸರಿಯಾಗಿ ನೀರು ಬಂತು. ಪೂರಾ ಅರ್ಧ ಗಂಟೆ, ಒಂದು ನಿಮಿಷ ಕಡಿಮೆಯಿಲ್ಲ. ಕಳ್ಳನಿಗೂ ಅಳತೆ ತಪ್ಪದೆ ಸಿಕ್ಕಿತು. ಹೆಂಡತಿ ತುಂಬಿಸುತ್ತ ಹೋದಳು, ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಒಂಬತ್ತೂವರೆಗೆ ಒಂದು ಬಕೆಟ್ ಎತ್ತಿಕೊಂಡು ಮೇಲಿನ ಅಂತಸ್ತಿಗೆ ಹತ್ತಿದೆ. ಐವತ್ತನಾಲ್ಕು ಮೆಟ್ಟಿಲು. ಇಷ್ಟು ವರ್ಷ ಇಲ್ಲೇ ಇದ್ದು ಎಣಿಸಿದ್ದು ಅವತ್ತೇ. ಸೊಂಟ ಮುರಿದೇ ಹೋಗುವ ಹಾಗಿತ್ತು. ಮೇಡಂ ಬಾಗಿಲು ತೆರೆದರು. ಒಳಗೆ ಅವರ ಅಕ್ಕನಿಗೆ ಸ್ನಾನ ಮಾಡಿಸಿ ತಲೆ ಒರೆಸುತ್ತಿದ್ದರಂತೆ, ಟವೆಲ್ ಕೈಯಲ್ಲೇ ಇತ್ತು.

“ತಪ್ಪಾಯ್ತು ಮೇಡಂ,” ಅಂದು ಬಕೆಟ್ ಮುಂದಿಟ್ಟೆ.

“ಗೊತ್ತು,” ಅಂದರು. “ಆದರೆ ಇದು ಬೇಡ. ಇವತ್ತು ನಮಗೂ ನೀರು ಬಂತು. ಡ್ರಮ್ಮೂ ತುಂಬಿದೆ.”

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ತುಂಬಿದ ಬಕೆಟ್ಟನ್ನು ಚೆಲ್ಲುವಂತಿಲ್ಲ, ಬಿಟ್ಟು ಬರುವಂತಿಲ್ಲ. ಹೊತ್ತುಕೊಂಡು ಇಳಿದೆ. ಒಂದೊಂದು ಮೆಟ್ಟಿಲಿಗೂ ಇಟ್ಟು, ಉಸಿರು ಬಿಟ್ಟು, ಮತ್ತೆ ಎತ್ತಿದೆ. ಕೆಳಗೆ ಗುಂಡಿಯ ಹತ್ತಿರ ಇದ್ದ ಕಂಡಕ್ಟರ್ ನನ್ನನ್ನು ನೋಡಿ ಸ್ಪ್ಯಾನರ್ ಕೆಳಗಿಟ್ಟು ಬಂದ, ನನ್ನ ಮನೆಯ ಬಾಗಿಲು ಹಿಡಿದು ನಿಂತ.

“ನಿಧಾನ,” ಅಂದ. “ಮೆಟ್ಟಿಲು ಒದ್ದೆ ಇದೆ.”